ಹಿಂದಿನಿಂದ ಗುದ್ದಿದವರಿಗೇ ಟ್ರೋಫಿ ಹೇಗೆ ಸಿಕ್ಕಿತು? 1999ರ ಬ್ರಿಸ್ಟಲ್ ರೇಸಿನ ಕೊನೆಯ ಸುತ್ತು

2024ರ ಆಗಸ್ಟ್ 11ರಂದು ಅಮೆರಿಕದ ರಿಚ್ಮಂಡ್‌ನಲ್ಲಿ ನಡೆದ ನಾಸ್ಕಾರ್ (ಅಲ್ಲಿನ ಸ್ಟಾಕ್ ಕಾರ್ ರೇಸುಗಳನ್ನು ನಡೆಸುವ ಸಂಸ್ಥೆ) ರೇಸಿನ ಕೊನೆಯ ಸುತ್ತಿನಲ್ಲಿ ಚಾಲಕ ಆಸ್ಟಿನ್ ಡಿಲನ್ ಮುಂದಿದ್ದ ಕಾರಿಗೆ ಹಿಂದಿನಿಂದ ಗುದ್ದಿದರು. ಪಕ್ಕಕ್ಕೆ ಬಂದ ಇನ್ನೊಂದು ಕಾರೂ ಅವರ ಹೊಡೆತಕ್ಕೆ ಗೋಡೆಗೆ ಬಡಿಯಿತು. ಗೆದ್ದದ್ದು ಡಿಲನ್. ಮೂರು ದಿನ ಬಿಟ್ಟು ನಾಸ್ಕಾರ್ ಒಂದು ತೀರ್ಪು ಕೊಟ್ಟಿತು: ಗೆಲುವು ಅವರದೇ, ಆದರೆ ಆ ಗೆಲುವಿನಿಂದ ಸಿಗಬೇಕಿದ್ದ ಪ್ಲೇಆಫ್ (ವರ್ಷದ ಪಟ್ಟವನ್ನು ನಿರ್ಧರಿಸುವ ಕೊನೆಯ ಹಂತ) ಪ್ರವೇಶ ರದ್ದು. ತಂಡದ ಮೇಲ್ಮನವಿಯೂ ಬಿದ್ದುಹೋಯಿತು.

ಫಾರ್ಮುಲಾ 1 ನೋಡಿ ಅಭ್ಯಾಸವಾದವರಿಗೆ ಇದು ತಲೆಬುಡವಿಲ್ಲದ ತೀರ್ಮಾನವಾಗಿ ಕಾಣುತ್ತದೆ. ಗುದ್ದಿದ್ದು ತಪ್ಪಾದರೆ ಗೆಲುವು ಹೇಗೆ ಉಳಿಯಿತು? ತಪ್ಪಲ್ಲವಾದರೆ ಶಿಕ್ಷೆ ಏಕೆ? ಉತ್ತರ ಬೇಕಾದರೆ ಇದೇ ಬಗೆಯ ಇನ್ನೊಂದು ಕೊನೆಯ ಸುತ್ತನ್ನು ಬಿಡಿಸಿ ನೋಡಬೇಕು. ಅದು 1999ರ ಆಗಸ್ಟ್ 28ರ ರಾತ್ರಿ ಟೆನೆಸೀ ರಾಜ್ಯದ ಬ್ರಿಸ್ಟಲ್‌ನಲ್ಲಿ ನಡೆದ 500 ಸುತ್ತುಗಳ ರೇಸು. ಕೊನೆಯ ಸುತ್ತಿಗೆ ಟೆರಿ ಲಬಾಂಟಿ ಮುಂದಿದ್ದರು. ಡೇಲ್ ಅರ್ನ್‌ಹಾರ್ಟ್ ಹಿಂದಿನಿಂದ ತಾಕಿದರು, ಲಬಾಂಟಿ ಕಾರು ಗಿರಕಿ ಹೊಡೆಯಿತು, ಅರ್ನ್‌ಹಾರ್ಟ್ ಗೆದ್ದರು. ಜಿಮ್ಮಿ ಸ್ಪೆನ್ಸರ್ ಎರಡನೆಯವರು. ಲಬಾಂಟಿ ಎಂಟನೆಯವರೆಂದು ದಾಖಲಾದರು. ಅರ್ನ್‌ಹಾರ್ಟ್‌ಗೆ ಯಾವ ಶಿಕ್ಷೆಯೂ ಆಗಲಿಲ್ಲ.

ಸ್ಟಾಕ್ ಕಾರ್ ಎಂದರೆ ಯಾವ ಕಾರು

1949ರಲ್ಲಿ ನಾಸ್ಕಾರ್‌ನ ಈ ಸರಣಿ ಶುರುವಾದಾಗ ಶೋರೂಮಿನಲ್ಲಿ ಮಾರುವ ಕಾರನ್ನೇ ಹೆಚ್ಚು ಮಾರ್ಪಾಡಿಲ್ಲದೆ ರೇಸಿಗೆ ಇಳಿಸುತ್ತಿದ್ದರು. ‘ಸ್ಟಾಕ್’ ಎಂಬ ಹೆಸರು ಆಗಿನದು. 1999ರ ಹೊತ್ತಿಗೆ ಉಳಿದಿದ್ದದ್ದು ಹೆಸರು ಮತ್ತು ಹೊರನೋಟ ಮಾತ್ರ. ಒಳಗೆ ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಪಂಜರ, ಮೇಲೆ ತಗಡಿನ ಹೊದಿಕೆ. ಹೆಡ್‌ಲೈಟುಗಳು ಬರೀ ಸ್ಟಿಕರು. ಬಾಗಿಲು ತೆರೆಯುವುದಿಲ್ಲ, ಚಾಲಕರು ಕಿಟಕಿಯಿಂದ ಒಳಗೆ ಇಳಿಯಬೇಕು. ಡ್ಯಾಶ್‌ಬೋರ್ಡಿನಲ್ಲಿ ಸ್ಪೀಡೋಮೀಟರ್ ಇರುವುದಿಲ್ಲ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತಿದೆ ಎಂದು ತೋರಿಸುವ ಟ್ಯಾಕೋಮೀಟರ್ ಇರುತ್ತದೆ.

ಆಗ ಕನಿಷ್ಠ ತೂಕ 3,400 ಪೌಂಡ್, ಅಂದರೆ ಸುಮಾರು 1,540 ಕಿಲೊ. ಎಂಜಿನ್ ಸುಮಾರು 5.9 ಲೀಟರಿನ ವಿ8, ಕಾರ್ಬ್ಯುರೇಟರ್ ಇರುವ ಹಳೆಯ ವಿನ್ಯಾಸ. ಶಕ್ತಿ 700 ಕುದುರೆಬಲಕ್ಕೂ ಹೆಚ್ಚು. ಹಿಂದಿನ ಚಕ್ರಗಳಿಗೆ ಒಂದೇ ಗಟ್ಟಿ ಆಕ್ಸಲ್. ಮುಂದೆ ಹಿಂದೆ ಪೂರ್ತಿ ಅಗಲದ ಬಂಪರು. ನಮ್ಮ ಕಥೆಗೆ ಬೇಕಾದ ಮುಖ್ಯ ಭಾಗ ಇದೇ. ಫಾರ್ಮುಲಾ 1 ಕಾರಿನ ಚಕ್ರಗಳು ಹೊರಗೇ ಇರುತ್ತವೆ, ಒಂದಕ್ಕೊಂದು ತಾಕಿದರೆ ಸಸ್ಪೆನ್ಷನ್ ಮುರಿದು ಇಬ್ಬರ ರೇಸೂ ಮುಗಿಯುತ್ತದೆ. ಸ್ಟಾಕ್ ಕಾರಿನ ಮೂತಿ ಇನ್ನೊಂದರ ಬಾಲಕ್ಕೆ ತಾಕಿದರೆ ಬಣ್ಣ ಹೋಗುತ್ತದೆ, ತಗಡು ನಜ್ಜುಗುಜ್ಜಾಗುತ್ತದೆ, ಕಾರು ಓಡುತ್ತಲೇ ಇರುತ್ತದೆ. ತಾಕುವುದನ್ನು ಈ ಆಟ ಸಹಿಸಿಕೊಂಡು ಬಂದದ್ದಕ್ಕೆ ಮೊದಲ ಕಾರಣ ಕಾರಿನ ಈ ರಚನೆಯೇ.

ಬ್ರಿಸ್ಟಲ್ ಎಷ್ಟು ಚಿಕ್ಕದು

ಒಂದು ಮೈಲಿಗಿಂತ ಕಡಿಮೆ ಉದ್ದದ ಟ್ರ್ಯಾಕಿಗೆ ಶಾರ್ಟ್ ಟ್ರ್ಯಾಕ್ ಎನ್ನುತ್ತಾರೆ. ಬ್ರಿಸ್ಟಲ್ 1961ರಲ್ಲಿ ಅರ್ಧ ಮೈಲಿಯ ಅಂಡಾಕಾರದ ಟ್ರ್ಯಾಕಾಗಿ ಶುರುವಾಯಿತು. 1969ರಲ್ಲಿ ತಿರುವುಗಳನ್ನು ಇನ್ನಷ್ಟು ಕಡಿದಾಗಿ ಎತ್ತರಿಸಿ 0.533 ಮೈಲಿ ಮಾಡಿದರು, ಮೀಟರಿನಲ್ಲಿ ಹೇಳಿದರೆ ಸುಮಾರು 858. ನೇರ ಭಾಗಗಳು ತಲಾ 650 ಅಡಿ, ಇನ್ನೂರು ಮೀಟರೂ ಇಲ್ಲ.

ಈ 858 ಮೀಟರಿನೊಳಗೆ 43 ಕಾರುಗಳು. ಒಂದೊಂದರ ಉದ್ದ ಸುಮಾರು 5 ಮೀಟರ್. ಬಂಪರಿಗೆ ಬಂಪರ್ ತಾಗಿಸಿ ನಿಲ್ಲಿಸಿದರೆ ಟ್ರ್ಯಾಕಿನ ಕಾಲು ಭಾಗ ಕಾರುಗಳಿಂದಲೇ ತುಂಬುತ್ತದೆ. ಖಾಲಿ ಟ್ರ್ಯಾಕಿನಲ್ಲಿ ಒಂದು ಸುತ್ತಿಗೆ ಹದಿನೈದೂವರೆ ಸೆಕೆಂಡಿನ ಆಸುಪಾಸು ಸಾಕು; ಸರಾಸರಿ ಗಂಟೆಗೆ ಹತ್ತಿರ ಹತ್ತಿರ 200 ಕಿಲೋಮೀಟರ್. ರೇಸು ಶುರುವಾಗಿ ಕೆಲವೇ ನಿಮಿಷಗಳಲ್ಲಿ ಮುಂದಿರುವವರು ಕೊನೆಯಲ್ಲಿರುವವರ ಬಾಲ ಹಿಡಿಯುತ್ತಾರೆ. ಆಮೇಲೆ ಟ್ರ್ಯಾಕಿನಲ್ಲಿ ‘ಮುಂದೆ’, ‘ಹಿಂದೆ’ ಎಂಬುದು ಕಣ್ಣಿಗೆ ಗೊತ್ತಾಗುವುದಿಲ್ಲ, ಎಲ್ಲೆಡೆ ದಟ್ಟಣೆ.

ಇಷ್ಟು ಚಿಕ್ಕ ತಿರುವಿನಲ್ಲಿ ಇಷ್ಟು ವೇಗ ಸಾಧ್ಯವಾಗುವುದು ಬ್ಯಾಂಕಿಂಗ್‌ನಿಂದ, ಅಂದರೆ ರಸ್ತೆಯ ಹೊರ ಅಂಚನ್ನು ಎತ್ತರಿಸಿ ಒಳಕ್ಕೆ ಇಳಿಜಾರು ಮಾಡುವುದರಿಂದ. ಜಾತ್ರೆಯ ಮರಣಬಾವಿಯಲ್ಲಿ ಬೈಕು ಗೋಡೆ ಬಿಟ್ಟು ಬೀಳದಿರುವುದು ಯಾವ ತತ್ವದಿಂದಲೋ ಇಲ್ಲಿಯೂ ಅದೇ: ತಿರುಗುವಾಗ ಹೊರಕ್ಕೆ ಎಳೆದಂತಾಗುವ ಕಾರನ್ನು ಇಳಿಜಾರು ನೆಲ ಒಳಕ್ಕೆ ಒತ್ತಿ ಹಿಡಿಯುತ್ತದೆ. ಆಗ ಬ್ರಿಸ್ಟಲ್‌ನ ಬ್ಯಾಂಕಿಂಗ್ 36 ಡಿಗ್ರಿ ಎಂದು ಪ್ರಚಾರ ಮಾಡುತ್ತಿದ್ದರು. ಡಾಂಬರು ಈ ಒತ್ತಡಕ್ಕೆ ಕಿತ್ತು ಬರುತ್ತಿದ್ದರಿಂದ 1992ರಲ್ಲಿ ಟ್ರ್ಯಾಕಿಗೆ ಕಾಂಕ್ರೀಟ್ ಹಾಕಿದರು.

1999ರ ಕಾಂಕ್ರೀಟಿನ ದೊಡ್ಡ ಲಕ್ಷಣವೆಂದರೆ ಅಲ್ಲಿ ಓಡಿಸಲು ಯೋಗ್ಯವಾದ ದಾರಿ ಒಂದೇ ಇತ್ತು: ಒಳ ಅಂಚಿಗೆ ಅಂಟಿಕೊಂಡದ್ದು. ರೇಸಿನವರು ಇದಕ್ಕೆ ಗ್ರೂವ್ ಎನ್ನುತ್ತಾರೆ. ಹೊರಗಿನಿಂದ ಸುತ್ತಿ ಹಿಂದಿಕ್ಕಲು ಹೋದವರು ಹೆಚ್ಚು ದೂರ ಓಡಬೇಕು, ಹಿಡಿತವೂ ಕಡಿಮೆ. ಪಕ್ಕದಲ್ಲೇ ಹತ್ತು ಸುತ್ತು ಓಡಿದರೂ ಮುಂದೆ ಹೋಗಲಾಗದೆ, ಹಿಂದಿನ ಸಾಲಿನವರಿಗೂ ಜಾಗ ಬಿಟ್ಟುಕೊಟ್ಟು ನಾಲ್ಕಾರು ಸ್ಥಾನ ಕಳೆದುಕೊಳ್ಳುವುದು ಸಾಮಾನ್ಯವಾಗಿತ್ತು. ಹೀಗಾಗಿ ಮುಂದೆ ಹೋಗುವ ದಾರಿ ಎರಡೇ: ಮುಂದಿನವರು ತಪ್ಪು ಮಾಡುವವರೆಗೆ ಕಾಯುವುದು, ಇಲ್ಲವೇ ಅವರನ್ನು ಆ ಗ್ರೂವಿನಿಂದ ಎಬ್ಬಿಸುವುದು.

ಎಡಕ್ಕೆ ಮಾತ್ರ ತಿರುಗುವ ಯಂತ್ರ

ಓವಲ್ (ಅಂಡಾಕಾರದ ಟ್ರ್ಯಾಕಿನ) ಕಾರನ್ನು ನೇರ ರಸ್ತೆಯಲ್ಲಿ ಕೈಬಿಟ್ಟರೆ ತಾನಾಗಿ ಎಡಕ್ಕೆ ಹೋಗುತ್ತದೆ. ಬೇಕೆಂದೇ ಹಾಗೆ ಕಟ್ಟಿರುತ್ತಾರೆ. ನಿಯಮ ಬಿಟ್ಟುಕೊಟ್ಟಷ್ಟೂ ತೂಕವನ್ನು ಎಡಭಾಗಕ್ಕೆ ಸೇರಿಸುತ್ತಾರೆ, ಏಕೆಂದರೆ ತಿರುವಿನಲ್ಲಿ ಭಾರವೆಲ್ಲ ಬಲಕ್ಕೆ ವರ್ಗವಾಗುತ್ತದೆ. ಮುಂದಿನ ಎರಡೂ ಚಕ್ರಗಳ ಮೇಲ್ತುದಿ ಎಡಕ್ಕೆ ವಾಲಿರುತ್ತದೆ.

ಇನ್ನು ಸ್ಟ್ಯಾಗರ್. ಒಂದು ಸುತ್ತು ಮುಗಿಯುವಷ್ಟರಲ್ಲಿ ಬಲ ಚಕ್ರ ಎಡ ಚಕ್ರಕ್ಕಿಂತ ಹೆಚ್ಚು ದೂರ ಓಡಿರುತ್ತದೆ. ಎಷ್ಟು? ಎರಡು ಚಕ್ರಗಳ ನಡುವಿನ ಅಂತರ ಸುಮಾರು ಒಂದೂವರೆ ಮೀಟರ್. ಅದನ್ನು 2 ಪೈಯಿಂದ ಗುಣಿಸಿದರೆ ಒಂಬತ್ತೂವರೆ ಮೀಟರ್. ಟ್ರ್ಯಾಕ್ ಎಷ್ಟೇ ಉದ್ದವಿರಲಿ ಈ ಲೆಕ್ಕ ಬದಲಾಗುವುದಿಲ್ಲ. ಗ್ಯಾಸ್ (ಆಕ್ಸಿಲರೇಟರ್) ಒತ್ತಿದಾಗ ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗುವುದರಿಂದ, ಎರಡರ ಸುತ್ತಳತೆಯೂ ಒಂದೇ ಆಗಿದ್ದರೆ ಒಂದು ಚಕ್ರ ಉಜ್ಜಿಕೊಂಡೇ ಓಡಬೇಕಾಗುತ್ತದೆ. ಅದಕ್ಕೇ ಬಲಗಡೆಯ ಟೈರಿನ ಸುತ್ತಳತೆ ಎಡದ್ದಕ್ಕಿಂತ ಒಂದೆರಡು ಅಂಗುಲ ದೊಡ್ಡದಿರುತ್ತದೆ.

ರೇಡಿಯೊದಲ್ಲಿ ಚಾಲಕರು ಹೇಳುವುದು ಹೆಚ್ಚಾಗಿ ಎರಡೇ ಮಾತು: ‘ಟೈಟ್’ ಅಥವಾ ‘ಲೂಸ್’. ಸ್ಟೀರಿಂಗ್ ತಿರುಗಿಸಿದರೂ ಮೂತಿ ತಿರುಗದೆ ಹೊರಕ್ಕೆ ಜಾರಿದರೆ ಟೈಟ್. ಮೂತಿ ತಿರುಗಿ ಬಾಲವೇ ಹೊರಕ್ಕೆ ಹೋದರೆ ಲೂಸ್. ಪಿಟ್ಟಿಗೆ, ಅಂದರೆ ರೇಸಿನ ನಡುವೆ ಟೈರು ಬದಲಿಸಿ ರಿಪೇರಿ ಮಾಡುವ ಜಾಗಕ್ಕೆ, ಬಂದಾಗ ಮೆಕ್ಯಾನಿಕ್ ಹಿಂದಿನ ಗಾಜಿನ ರಂಧ್ರದಲ್ಲಿ ಉದ್ದನೆಯ ಪಾನಾ ತೂರಿಸಿ ಸ್ಪ್ರಿಂಗಿನ ಮೇಲಿನ ಬೋಲ್ಟನ್ನು ತಿರುಗಿಸುವುದು ಇದನ್ನು ಸರಿಪಡಿಸಲು. ಬಲ ಮುಂದಿನ ಮತ್ತು ಎಡ ಹಿಂದಿನ ಚಕ್ರಗಳ ಮೇಲೆ, ಅಂದರೆ ಕರ್ಣದ ಮೇಲೆ, ಭಾರ ಹೆಚ್ಚಿಸಿದರೆ ಕಾರು ಟೈಟ್ ಆಗುತ್ತದೆ, ಇಳಿಸಿದರೆ ಲೂಸ್. ಈ ಕರ್ಣದ ಭಾರಕ್ಕೆ ವೆಜ್ ಎಂದು ಹೆಸರು. ಬೋಲ್ಟನ್ನು ಒಂದೇ ಒಂದು ಸುತ್ತು ತಿರುಗಿಸಿದರೂ ಚಾಲಕರಿಗೆ ಗೊತ್ತಾಗುತ್ತದೆ. ಟೈರಿನ ಗಾಳಿಯ ಒತ್ತಡ ಬದಲಿಸುವುದು ಇದಕ್ಕಿಂತ ಸೂಕ್ಷ್ಮವಾದ ಉಪಾಯ.

ಕೆಡುವುದು ಹೆಚ್ಚಾಗಿ ಬ್ರೇಕು. ಸುತ್ತಿಗೆ ಎರಡು ಬಾರಿ ಎಂದರೆ 500 ಸುತ್ತಿಗೆ ಸಾವಿರ ಬಾರಿ ಒತ್ತಬೇಕು. ರಾತ್ರಿ ರೇಸಿನಲ್ಲಿ ಕೆಂಪಗೆ ಕಾದ ಬ್ರೇಕ್ ಡಿಸ್ಕುಗಳು ಚಕ್ರದ ಸಂದಿಯಲ್ಲಿ ಕಾಣುತ್ತವೆ. ಆ ಶಾಖ ರಿಮ್ಮಿಗೆ ಏರಿ, ಟೈರು ರಿಮ್ಮನ್ನು ಹಿಡಿಯುವ ಅಂಚು ಸುಟ್ಟರೆ ಗಾಳಿ ಹೋಗಿ ಕಾರು ನೇರ ಗೋಡೆಗೆ. ಗಾಳಿ ತರುವ ಕೊಳವೆಗಳನ್ನು ಬ್ರೇಕಿಗೆ ಜೋಡಿಸುವುದು ಇದನ್ನು ತಡೆಯಲಿಕ್ಕೆ.

ಟೈರಿನ ಲೆಕ್ಕ

ಆ ರಾತ್ರಿಯ ಕೊನೆಯನ್ನು ನಿರ್ಧರಿಸಿದ್ದು ಟೈರು. ಸುಮಾರು ಹತ್ತು ಸುತ್ತು ಬಾಕಿ ಇದ್ದಾಗ ಲಬಾಂಟಿ ಮುಂದಿದ್ದರು. ಅಪಘಾತವೊಂದಕ್ಕೆ ಹಳದಿ ಬಾವುಟ ಬಿತ್ತು, ಅಂದರೆ ಎಲ್ಲರೂ ನಿಧಾನಿಸಬೇಕೆಂಬ ಸೂಚನೆ. ವೇಗ ತಗ್ಗಿಸಿದ ಲಬಾಂಟಿ ಕಾರಿಗೆ ಡ್ಯಾರೆಲ್ ವಾಲ್‌ಟ್ರಿಪ್ ಕಾರು ಹಿಂದಿನಿಂದ ತಾಕಿ ಅದು ತಿರುಗಿ ನಿಂತಿತು. ಲಬಾಂಟಿ ಪಿಟ್ಟಿಗೆ ಹೋಗಿ ಹೊಸ ಟೈರು ಹಾಕಿಸಿಕೊಂಡರು. ಅರ್ನ್‌ಹಾರ್ಟ್ ಹಳೆಯ ಟೈರಿನಲ್ಲೇ ಟ್ರ್ಯಾಕಿನಲ್ಲಿ ಉಳಿದು ಮುಂದಾದರು. ಮತ್ತೆ ಪೂರ್ಣ ವೇಗದ ಓಟಕ್ಕೆ ಹಸಿರು ಬಾವುಟ ಬೀಳುವಾಗ ಲಬಾಂಟಿ ಐದನೆಯವರು.

ಹೊಸ ಟೈರಿಗೆ ಇಷ್ಟೊಂದು ಬೆಲೆ ಏಕೆ? ರಬ್ಬರು ಹತ್ತಾರು ಸುತ್ತು ಕಾದು ತಣಿದ ಮೇಲೆ ಗಟ್ಟಿಯಾಗುತ್ತದೆ, ಮೇಲ್ಪದರ ಸವೆಯುತ್ತದೆ, ಹಿಡಿತ ಇಳಿಯುತ್ತದೆ. ಹಸಿರು ಬಾವುಟದಲ್ಲಿ ಪಿಟ್ಟಿಗೆ ಹೋದರೆ ಬ್ರಿಸ್ಟಲ್‌ನಂಥ ಕಡೆ ಒಂದು ಸುತ್ತಿಗೂ ಹೆಚ್ಚು ನಷ್ಟ. ನಾಲ್ಕು ಟೈರು ಬದಲಿಸುವ ಹೊತ್ತಿಗೇ ಬೇರೆಯವರು ಒಂದು ಸುತ್ತು ಮುಗಿಸಿರುತ್ತಾರೆ. ಹಳದಿಯಲ್ಲಾದರೆ ಎಲ್ಲರೂ ನಿಧಾನವಾಗಿ ಸಾಲಾಗಿ ಹೋಗುತ್ತಿರುವುದರಿಂದ ಕಳೆದುಕೊಳ್ಳುವುದು ಕೆಲವು ಸ್ಥಾನ ಮಾತ್ರ.

ಈಗ ಗುಣಾಕಾರ ಮಾಡೋಣ. ಸೆಕೆಂಡಿಗೆ 55 ಮೀಟರ್ ಓಡುವ ಕಾರಿಗೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೆಂದರೆ ಐದೂವರೆ ಮೀಟರ್, ಒಂದು ಕಾರಿನ ಉದ್ದಕ್ಕಿಂತ ಸ್ವಲ್ಪ ಹೆಚ್ಚು. ಹೊಸ ಟೈರು ಸುತ್ತಿಗೆ ಕಾಲು ಸೆಕೆಂಡು ಉಳಿಸಿಕೊಟ್ಟರೂ ಪ್ರತಿ ಸುತ್ತಿಗೆ ಎರಡೂವರೆ ಕಾರಿನಷ್ಟು ಅಂತರ ಕರಗುತ್ತದೆ. ಐದನೇ ಸ್ಥಾನದಿಂದ ಹೊರಟ ಲಬಾಂಟಿ ಕೆಲವೇ ಸುತ್ತುಗಳಲ್ಲಿ ಎಲ್ಲರನ್ನೂ ದಾಟಿ, ಕೊನೆಯ ಸುತ್ತು ಎಂದು ಸಾರುವ ಬಿಳಿ ಬಾವುಟ ಬೀಳುವ ಹೊತ್ತಿಗೆ ಅರ್ನ್‌ಹಾರ್ಟ್‌ರನ್ನೂ ಹಿಂದಿಕ್ಕಿದ್ದು ಹೀಗೆ. ಬೇರೆಯವರಿಗೆ ಸಾಧ್ಯವಾಗದ ಸಾಲಿನಲ್ಲೂ ಅವರ ಕಾರು ಹಿಡಿತ ಉಳಿಸಿಕೊಂಡಿತ್ತು.

ಎಬ್ಬಿಸುವುದು, ಕೆಡವುವುದು

ಶಾರ್ಟ್ ಟ್ರ್ಯಾಕಿನ ಹಳೆಯ ವಿದ್ಯೆಯೊಂದಿದೆ, ಬಂಪ್ ಅಂಡ್ ರನ್ ಎಂದು ಕರೆಯುತ್ತಾರೆ. ತಿರುವಿಗೆ ಇಳಿಯುವಾಗ ಮುಂದಿನ ಚಾಲಕ ಗ್ಯಾಸ್ ಬಿಟ್ಟು ಬ್ರೇಕ್ ಒತ್ತುತ್ತಾನೆ. ಭಾರ ಮುಂದಕ್ಕೆ ಹೋಗಿ ಹಿಂದಿನ ಚಕ್ರಗಳು ಹಗುರವಾಗುತ್ತವೆ. ಸರಿಯಾಗಿ ಆ ಗಳಿಗೆಯಲ್ಲಿ ಹಿಂದಿನ ಕಾರು ಬಂಪರಿನ ನಡುಭಾಗಕ್ಕೆ ಮೆಲ್ಲಗೆ ತಾಕಿದರೆ, ಮುಂದಿನ ಕಾರಿನ ವೇಗ ಒಮ್ಮೆಲೇ ಒಂದಿಷ್ಟು ಹೆಚ್ಚುತ್ತದೆ. ಆ ವೇಗಕ್ಕೆ ಒಳ ಗ್ರೂವಿನಲ್ಲಿ ತಿರುಗಲಾಗದೆ ಅದು ಒಂದು ಕಾರಿನಷ್ಟು ಅಗಲ ಮೇಲಕ್ಕೆ ಜಾರುತ್ತದೆ. ಖಾಲಿಯಾದ ಒಳದಾರಿಯಲ್ಲಿ ಹಿಂದಿನವನು ನುಗ್ಗುತ್ತಾನೆ. ಇಬ್ಬರೂ ಓಡುತ್ತಲೇ ಇರುತ್ತಾರೆ. ಚಾಲಕರ ನಡುವೆ ಇದು ಒಪ್ಪಿತ ಆಟ. ಮುಂದೊಂದು ದಿನ ಲೆಕ್ಕ ಚುಕ್ತಾ ಮಾಡುತ್ತೇನೆ ಎಂಬ ಷರತ್ತು ಅದರೊಳಗೇ ಇರುತ್ತದೆ.

ಕೆಡುವುದು ಮೂರು ಕಡೆ. ಒಂದು, ಜಾಗ: ಬಂಪರಿನ ನಡುವಿನ ಬದಲು ಎಡ ಮೂಲೆಗೆ ತಾಕಿದರೆ ಬಾಲ ಹೊರಕ್ಕೆ ತಿರುಗುತ್ತದೆ, ಮೂತಿ ಒಳಕ್ಕೆ, ಕಾರು ಬುಗುರಿ. ಎರಡು, ಹೊತ್ತು: ತಿರುವಿನ ನಡುವೆ ಟೈರಿನ ಹಿಡಿತವೆಲ್ಲ ತಿರುಗುವುದಕ್ಕೇ ಖರ್ಚಾಗಿರುತ್ತದೆ, ಅಲ್ಲಿ ಸಣ್ಣ ತಾಕೂ ದೊಡ್ಡದಾಗುತ್ತದೆ. ಮೂರು, ವೇಗದ ವ್ಯತ್ಯಾಸ: ಸಾವಿರದೈನೂರು ಕಿಲೊ ಭಾರದ ವಸ್ತುವಿಗೆ ಗಂಟೆಗೆ ನಾಲ್ಕೈದು ಕಿಲೋಮೀಟರ್ ಹೆಚ್ಚಾದರೂ ಅದು ತಾಕುವುದಲ್ಲ, ಹೊಡೆತ.

ಅರ್ನ್‌ಹಾರ್ಟ್ ಇದ್ದ ಇಕ್ಕಟ್ಟು ನೋಡಿ. ಹೊಸ ಟೈರಿನ ಲಬಾಂಟಿ ತಡವಾಗಿ ಬ್ರೇಕ್ ಒತ್ತಬಲ್ಲರು, ಬೇಗ ಗ್ಯಾಸ್ ಕೊಡಬಲ್ಲರು. ಎರಡನೇ ತಿರುವು ದಾಟಿದರೆ ಅವರು ಕೈಗೆ ಸಿಗುವುದಿಲ್ಲ. ತಾಕುವುದಿದ್ದರೆ ಮೊದಲೆರಡು ತಿರುವುಗಳಲ್ಲೇ, ಅದೂ ಹಿಡಿತ ಕಳೆದುಕೊಂಡ ಹಳೆಯ ಟೈರಿನಲ್ಲಿ ತಮ್ಮ ಮಾಮೂಲಿಗಿಂತ ಜೋರಾಗಿ ಒಳಗೆ ನುಗ್ಗಿ. ಬ್ರೇಕಿನ ಮೇಲಿನ ಹತೋಟಿಯೇ ಕಡಿಮೆ ಇರುವಾಗ ಮೆಲ್ಲಗೆ ತಾಕುವುದು ಕಷ್ಟ. ಲಬಾಂಟಿ ಕಾರು ಮೇಲಕ್ಕೆ ಜಾರುವ ಬದಲು ಗಿರಕಿ ಹೊಡೆಯಿತು. ಕೆಡವುವ ಉದ್ದೇಶವಿರಲಿಲ್ಲ, ಬೆದರಿಸಿ ಅಲುಗಾಡಿಸಬೇಕೆಂದಿದ್ದೆ ಎಂಬ ಅರ್ಥದ ಮಾತನ್ನು ಅರ್ನ್‌ಹಾರ್ಟ್ ರೇಸು ಮುಗಿದ ಕೂಡಲೇ ಆಡಿದರು. ಅವರ ಅಭಿಮಾನಿಗಳೇ ಹೆಚ್ಚಿದ್ದ ಆ ಊರಿನಲ್ಲಿ ಜನ ಜೋರಾಗಿ ಕೂಗಿ ಛೀಮಾರಿ ಹಾಕಿದರು.

1995ರಲ್ಲಿ ಬಚಾವಾದವರು 1999ರಲ್ಲಿ ಏಕೆ ಆಗಲಿಲ್ಲ

ಇದೇ ಟ್ರ್ಯಾಕು, ಇದೇ ಇಬ್ಬರು. 1995ರ ಆಗಸ್ಟ್ 26ರ ರಾತ್ರಿಯೂ ಅರ್ನ್‌ಹಾರ್ಟ್ ಕೊನೆಯ ಸುತ್ತಿನಲ್ಲಿ ಲಬಾಂಟಿಗೆ ಹಿಂದಿನಿಂದ ತಾಕಿದ್ದರು. ಆದರೆ ಲಬಾಂಟಿ ಗೆದ್ದರು: ಕಾರು ಅಡ್ಡಡ್ಡ ಜಾರುತ್ತ ಮುಕ್ತಾಯದ ಗೆರೆ ದಾಟಿ ಗೋಡೆಗೆ ಬಡಿಯಿತು, ಮೂತಿ ನುಜ್ಜಾದ ಅದೇ ಕಾರನ್ನು ಗೆಲುವಿನ ಜಾಗಕ್ಕೆ ತಂದು ನಿಲ್ಲಿಸಿದರು.

ವ್ಯತ್ಯಾಸ ಇರುವುದು ದೂರದಲ್ಲಿ. ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹಿಡಿತ ತಪ್ಪಿದ ಕಾರು, ಟೈರುಗಳು ಉಜ್ಜುತ್ತ, ಒರಟು ಲೆಕ್ಕದಲ್ಲಿ ಇನ್ನೂರು ಮೀಟರಿಗೆ ಸ್ವಲ್ಪ ಕಡಿಮೆ ಜಾರಿ ನಿಲ್ಲುತ್ತದೆ. 1995ರಲ್ಲಿ ತಾಕಿದ್ದು ಕೊನೆಯ ತಿರುವಿನಿಂದ ಹೊರಬರುವಾಗ. ಅಲ್ಲಿಂದ ಗೆರೆಗೆ ಉಳಿದಿದ್ದದ್ದು ನೇರ ಭಾಗದ ಅರ್ಧ, ನೂರು ಮೀಟರಿನಷ್ಟು. ಇದ್ದ ವೇಗವೇ ಕಾರನ್ನು ಗೆರೆ ದಾಟಿಸಿತು. 1999ರಲ್ಲಿ ತಾಕಿದಾಗ ಅರ್ಧ ಸುತ್ತಿಗೂ ಹೆಚ್ಚು ದೂರ ಬಾಕಿ ಇತ್ತು.

ನಿಯಮ ಏನು ಹೇಳುತ್ತಿತ್ತು

ತಾಕುವುದೇ ಅಪರಾಧ ಎಂಬ ನಿಯಮ ಇರಲಿಲ್ಲ, ಈಗಲೂ ಇಲ್ಲ. ಒರಟು ಚಾಲನೆಗೆ ಶಿಕ್ಷೆ ಇತ್ತು, ಆದರೆ ಯಾವುದು ಒರಟು ಎಂಬುದು ಅಧಿಕಾರಿಗಳ ವಿವೇಚನೆ. 1995ರ ಅದೇ ರೇಸಿನಲ್ಲಿ ರಸ್ಟಿ ವಾಲೇಸ್ ಕಾರಿಗೆ ಗುದ್ದಿದ್ದಕ್ಕೆ ಅರ್ನ್‌ಹಾರ್ಟ್‌ರನ್ನು ಸಾಲಿನ ಕೊನೆಗೆ ಕಳುಹಿಸಿದ್ದರು. ರೇಸಿನ ನಡುವೆ ಅದು ಸುಲಭ. ಕೊನೆಯ ಸುತ್ತಿನಲ್ಲಿ ಕಳುಹಿಸಲು ‘ಹಿಂದೆ’ ಎಂಬ ಜಾಗವೇ ಉಳಿದಿರುವುದಿಲ್ಲ. ಗೆಲುವನ್ನೇ ಕಿತ್ತುಕೊಳ್ಳಬೇಕು, ಅದಕ್ಕೆ ಉದ್ದೇಶ ಸಾಬೀತಾಗಬೇಕು.

ಆಗಿನ ಬೇರೆ ಎರಡು ನಿಯಮಗಳೂ ಮುಖ್ಯ. ಹಳದಿ ಬಾವುಟದಲ್ಲಿ ನಿಧಾನ ಓಡುವ ಸುತ್ತುಗಳೂ ಎಣಿಕೆಗೆ ಸೇರುತ್ತಿದ್ದವು, ರೇಸನ್ನು 500ರ ಆಚೆ ಬೆಳೆಸುವ ಅವಕಾಶ ಇರಲಿಲ್ಲ. ಆದ್ದರಿಂದಲೇ ಹತ್ತು ಸುತ್ತು ಬಾಕಿ ಇದ್ದ ರೇಸು ಕೊನೆಯ ಕೆಲವೇ ಸುತ್ತುಗಳ ಓಟಕ್ಕೆ ಕುಗ್ಗಿತು. ಹೆಚ್ಚುವರಿ ಸುತ್ತು ಕೊಟ್ಟು ಹಸಿರು ಬಾವುಟದಲ್ಲೇ ಮುಗಿಸುವ ಪದ್ಧತಿ ಈ ಸರಣಿಗೆ ಬಂದದ್ದು 2004ರಲ್ಲಿ. ಇನ್ನೊಂದು, ಹಳದಿ ಬಿದ್ದರೂ ಗೆರೆ ಮುಟ್ಟುವವರೆಗೆ ಸ್ಥಾನಕ್ಕಾಗಿ ಓಡಬಹುದಿತ್ತು. ಟ್ರ್ಯಾಕಿನಲ್ಲಿ ಕೆಟ್ಟು ನಿಂತ ಕಾರಿನತ್ತ ಎಲ್ಲರೂ ಪೂರ್ಣ ವೇಗದಲ್ಲಿ ಬರುವ ಈ ಅಪಾಯಕಾರಿ ಪದ್ಧತಿಯನ್ನು 2003ರಲ್ಲಿ ನಿಲ್ಲಿಸಿದರು.

ಅಂಕಗಳನ್ನು ನೋಡಿದರೆ 1999ಕ್ಕೂ 2024ಕ್ಕೂ ಇರುವ ಅಂತರ ತಿಳಿಯುತ್ತದೆ. ಆಗ ಗೆದ್ದವರಿಗೆ 175 ಅಂಕ, ಎರಡನೆಯವರಿಗೆ 170, ಎಂಟನೆಯವರಿಗೆ 142. ಒಂದು ಸುತ್ತಾದರೂ ಮುಂದಿದ್ದರೆ ಇನ್ನೂ ಐದು, ಅತಿ ಹೆಚ್ಚು ಸುತ್ತು ಮುಂದಿದ್ದರೆ ಇನ್ನೈದು. ವರ್ಷದ ಪಟ್ಟಕ್ಕೆ ಒಂದು ಗೆಲುವು ಕೊಡುತ್ತಿದ್ದ ಲಾಭ ಅಲ್ಪ. 2024ರಲ್ಲಿ ಒಂದೇ ಒಂದು ಗೆಲುವು ಪ್ಲೇಆಫ್ ಪ್ರವೇಶವನ್ನೇ ಕೊಡುತ್ತಿತ್ತು. ಪ್ರತಿಫಲ ಅಷ್ಟು ದೊಡ್ಡದಾದಾಗ ಶಿಕ್ಷೆಯೂ ಅದಕ್ಕೇ ತಗುಲಿತು. ಅಷ್ಟೇ ಅಲ್ಲ, ಡಿಲನ್ ಪ್ರಕರಣದಲ್ಲಿ ಅಧಿಕಾರಿಗಳ ಮುಂದೆ ಕಾರಿನ ಚಲನೆಯ ದತ್ತಾಂಶವೂ ರೇಡಿಯೊ ಸಂಭಾಷಣೆಯ ಧ್ವನಿಮುದ್ರಣವೂ ಇದ್ದವು.

ಆಮೇಲೆ ಟ್ರ್ಯಾಕಿಗೆ ಆದದ್ದು

2007ರಲ್ಲಿ ಬ್ರಿಸ್ಟಲ್‌ನ ಹಳೆಯ ಕಾಂಕ್ರೀಟ್ ಕಿತ್ತು ಹೊಸದು ಹಾಕಿದರು. ಈ ಸಲ ಇಳಿಜಾರು ಒಂದೇ ಸಮನಾಗಿರಲಿಲ್ಲ. ಹೊರಕ್ಕೆ ಹೋದಂತೆ ಕಡಿದಾಗುತ್ತಿತ್ತು. ಹೊರಗಿನ ದಾರಿಯಲ್ಲೂ ಹಿಡಿತ ಸಿಕ್ಕಿತು, ತಾಕದೆಯೇ ಹಿಂದಿಕ್ಕುವುದು ಸಾಧ್ಯವಾಯಿತು. ಚಾಲಕರು ಮೆಚ್ಚಿದರು. ಪ್ರೇಕ್ಷಕರಲ್ಲಿ ಹಲವರು ಗುದ್ದಾಟ ಕಾಣದೆ ಗೊಣಗಿದರು. 2012ರಲ್ಲಿ ಮಾಲೀಕರು ಮೇಲಿನ ದಾರಿಯ ಕಾಂಕ್ರೀಟನ್ನು ಯಂತ್ರದಿಂದ ಉಜ್ಜಿಸಿ ಅಲ್ಲಿನ ಬ್ಯಾಂಕಿಂಗ್ ಇಳಿಸಿದರು. ಮೇಲೆ ಓಡಲಾಗದೆ ಎಲ್ಲರೂ ಮತ್ತೆ ಒಳಗ್ರೂವಿಗೆ ಇಳಿದು ಒಬ್ಬರನ್ನೊಬ್ಬರು ಎಬ್ಬಿಸಲಿ ಎಂಬ ಎಣಿಕೆ. ಆದದ್ದು ತಿರುಗುಮುರುಗು. ಉಜ್ಜಿದ ಮೈ ಮೇಲೆ ರಬ್ಬರು ಕೂತು ಹೊರಗಿನ ದಾರಿಯೇ ವೇಗದ್ದಾಯಿತು. 2016ರಿಂದ ರೇಸಿಗೆ ಮುಂಚೆ ಒಳ ಅಂಚಿಗೆ ಅಂಟು ದ್ರಾವಣ ಬಳಿಯಲು ಶುರುಮಾಡಿದರು. ಅದು ಸವೆಯುವವರೆಗೆ ಕಾರುಗಳು ಕೆಳಗೆ ಓಡುತ್ತವೆ, ಸವೆದ ಮೇಲೆ ಒಂದೊಂದಾಗಿ ಮೇಲಕ್ಕೆ ಏರುತ್ತವೆ.